ಮೊಟ್ಟೆ ಪೆಟ್ಟಿಗೆಯ ಅಳಗುಳಿಮಣೆ

2020ರ ಮಾರ್ಚ್ 16ರಿಂದ ನೆದರ್ಲೆಂಡ್ಸ್‌ನ ಶಾಲೆಗಳು ಮುಚ್ಚಿದಾಗ, ಬೆಸ್ಟ್‌ನ ನಮ್ಮ ಮನೆಗಳೇ ಕಚೇರಿಗಳಾದವು. ಮನೆಯಿಂದ ಕೆಲಸ ಮಾಡುವ ದಿನಗಳು ಇಂದಿಗೂ ಇವೆ. ಮಕ್ಕಳಿಗೇನು ಕೊಡುವುದು? ದುಬಾರಿ ಆಟಿಕೆ ಬೇಕಿಲ್ಲ.

ಹತ್ತು ಮೊಟ್ಟೆಯ ರಟ್ಟಿನ ಪೆಟ್ಟಿಗೆಗೆ, ಆರು ಮೊಟ್ಟೆಯ ಪೆಟ್ಟಿಗೆಯಿಂದ ನಾಲ್ಕು ಗುಳಿ ಕತ್ತರಿಸಿ ಅಂಟಿಸಿದೆವು. ಸಾಲಿಗೆ 7ರಂತೆ ಎರಡು ಸಾಲು, ಅಳಗುಳಿಮಣೆ ಸಿದ್ಧ! ಗುಳಿಗೆ ನಾಲ್ಕರಂತೆ 56 ಹುಣಸೆಬೀಜ, ಸಿಗದಿದ್ದರೆ ಕಡಲೆಕಾಳು. (ತೀರಾ ಪುಟ್ಟ ಮಕ್ಕಳ ಕೈಗೆ ಕಾಳು ಬೇಡ.) ಮರದ ಮಣೆಯ ಸದ್ದು ರಟ್ಟಿಗಿಲ್ಲ, ಪಕ್ಕದಲ್ಲೇ ಮೀಟಿಂಗ್ ನಡೆದರೂ ತೊಂದರೆಯಿಲ್ಲ.

ಆದರೆ ಪೋಷಕರೇ, ಮೊದಲ ಅರ್ಧ ಗಂಟೆ ನಾವೇ ಕೂತು ಆಡಬೇಕು. ಮಣೆ ಕೊಟ್ಟು ಎದ್ದುಹೋದರೆ ಕಾಳು ನೆಲದ ಪಾಲು, ಮಗು ಟಿವಿಯ ಪಾಲು. ನಿಯಮ ತಿಳಿದ ಮೇಲೆ ಒಬ್ಬರೇ ಇದ್ದರೂ ಎರಡೂ ಕಡೆಯ ಆಟ ಆಡಿಕೊಳ್ಳುತ್ತಾರೆ.

ಇನ್ನೊಂದು ಲಾಭವಿದೆ. ದಿನವಿಡೀ ಡಚ್, ಇಂಗ್ಲಿಷ್‌ನಲ್ಲಿ ಎಣಿಸುವ ಮಕ್ಕಳು ನಮ್ಮೊಡನೆ ಕಲಿತ ಈ ಆಟದಲ್ಲಿ ‘ಒಂದು, ಎರಡು, ಮೂರು’ ಎನ್ನುತ್ತಾರೆ. ತರಗತಿಯಲ್ಲಿ ನಾವು ಒತ್ತಾಯಿಸಿದರೂ ಬಾರದ ಕನ್ನಡ, ಕಾಳು ಗೆಲ್ಲುವ ಆಸೆಗೆ ತಾನಾಗಿ ಬರುತ್ತದೆ. ಭಾನುವಾರ ಊರಿನ ಅಜ್ಜಿಯೊಡನೆ ವಿಡಿಯೋದಲ್ಲಿ ಮಾತಾಡಲು ವಿಷಯವೂ ಸಿಗುತ್ತದೆ.

ಮಕ್ಕಳೇ, ಖಾಲಿ ಮೊಟ್ಟೆ ಪೆಟ್ಟಿಗೆ ಎಸೆಯುವ ಮುನ್ನ ಅಮ್ಮನನ್ನು ಒಮ್ಮೆ ಕೇಳಿ!