ಮಗಳು ತಿದ್ದಿದ ಪಾಠ

ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ‘ಕ್ರಿಯೆಗೆ ಮೊದಲು ಪ್ರೋಟಾನು, ನ್ಯೂಟ್ರಾನುಗಳು ಒಟ್ಟು ಎಷ್ಟಿದ್ದವೋ ಆಮೇಲೂ ಅಷ್ಟೇ. ಈ ಲೆಕ್ಕ ಎಂದೂ ತಪ್ಪದು’ ಎಂದು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ‘ಯಾಕೆ ತಪ್ಪಬಾರದು ಸಾರ್?’ ಎಂದಿದ್ದ. ‘ಪರೀಕ್ಷೆಗೆ ಇಷ್ಟು ಸಾಕು, ಕೂತ್ಕೋ’ ಎಂದಿದ್ದೆ. ಕೂತಿದ್ದ.

ಕಳೆದ ದೀಪಾವಳಿ ರಜೆಗೆ ಬಂದ ಮಗಳು, ಎಂ.ಎಸ್ಸಿ. ಓದುತ್ತಿರುವವಳು, ಊಟದ ನಡುವೆ ‘ಅಪ್ಪಾ, ನಿಮ್ಮ ಆ ಲೆಕ್ಕ ತಪ್ಪಬಹುದಂತೆ’ ಎಂದಳು. ಕಲಸಿದ ತುತ್ತು ಕೈಯಲ್ಲೇ ಉಳಿಯಿತು.

ಊಟವಾದ ಮೇಲೆ ಹೂ ಕಟ್ಟುವ ದಾರ ತಂದು ನಡುಮನೆಯ ಕಂಬಕ್ಕೆ ಸುತ್ತಿ, ತುದಿಗಳನ್ನು ಗಂಟು ಹಾಕಿದಳು. ‘ದಾರ ಹೇಗೆ ಸರಿಸಿದರೂ ಕತ್ತರಿಸದೆ ಸುತ್ತಿನ ಸಂಖ್ಯೆ ಬದಲಾಗದು. ಟೊಪಾಲಜಿ ಅಂದರೆ ಇಂಥ ಲೆಕ್ಕ. ಗೇಜ್ ಸಿದ್ಧಾಂತದಲ್ಲಿ ನಿರ್ವಾತಕ್ಕೂ ಸುತ್ತುಗಳಿವೆ. ಒಂದೊಂದು ಸಂಖ್ಯೆಗೆ ಒಂದೊಂದು ಕಣಿವೆ, ನಡುವೆ ಗುಡ್ಡ.’

1976ರಲ್ಲಿ ನೆದರ್‌ಲೆಂಡ್ಸಿನ ಗೆರಾರ್ಡ್ ಟ್ ಹೂಫ್ಟ್ ತೋರಿಸಿದ್ದು ಇದು: ದುರ್ಬಲ ಬಲದ ಕ್ಷೇತ್ರ ಗುಡ್ಡ ಹತ್ತದೆ, ಸುರಂಗ ಕೊರೆದಂತೆ ಪಕ್ಕದ ಕಣಿವೆಗೆ ನುಸುಳಬಲ್ಲದು. ಆಗ ನನ್ನ ಲೆಕ್ಕ ತಪ್ಪುತ್ತದೆ. ಆದರೆ ಅದರ ಸಂಭವ, 1ರ ಮುಂದೆ 150ಕ್ಕೂ ಹೆಚ್ಚು ಸೊನ್ನೆ ಇಟ್ಟರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು!

‘ಹಾಗಾದರೆ ನನ್ನ ಗೆರೆ ಭದ್ರ’ ಎಂದೆ.

‘ಗುಡ್ಡವನ್ನೇ ಹತ್ತಿದರೆ?’

ಗುಡ್ಡದ ನೆತ್ತಿಗೆ 1984ರಲ್ಲಿ ಕ್ಲಿಂಕ್‌ಹ್ಯಾಮರ್ ಮತ್ತು ಮ್ಯಾಂಟನ್ ಇಟ್ಟ ಹೆಸರು ಸ್ಫೇಲರಾನ್. ಈಗ ಬೀಳುತ್ತೇನೆ ಎನ್ನುವಂತೆ ನಿಂತದ್ದು ಎಂದು ಅದರ ಗ್ರೀಕ್ ಮೂಲದ ಅರ್ಥ. ಎತ್ತರ ಸುಮಾರು 9 ಟೆರಾ ಎಲೆಕ್ಟ್ರಾನ್ ವೋಲ್ಟ್. ಜಿನೀವಾ ಬಳಿಯ ಸರ್ನ್‌ನ 27 ಕಿಲೋಮೀಟರ್ ಉಂಗುರದಲ್ಲಿ 2015ರಲ್ಲೇ ಪ್ರೋಟಾನುಗಳು 13ರ ಶಕ್ತಿಯಲ್ಲಿ ಡಿಕ್ಕಿ ಹೊಡೆದವು. ಮತ್ತೇಕೆ ಹತ್ತಲಾಗದು?

‘ನಮ್ಮೂರ ತೇರು ನೆನೆಸಿಕೊಳ್ಳಿ. ಇಬ್ಬರು ಪೈಲ್ವಾನರು ಡಿಕ್ಕಿ ಹೊಡೆದರೆ ತೇರು ಕದಲುತ್ತದೆಯೇ? ನೂರು ಜನ ಒಟ್ಟಿಗೆ ಹಗ್ಗ ಎಳೆಯಬೇಕು. ಸ್ಫೇಲರಾನ್ ಅಂದರೆ ಹತ್ತಾರು ಕಣಗಳು ಹದವಾಗಿ ಕೂಡಿದ ಸ್ಥಿತಿ. ಎರಡು ಕಣಗಳ ರಭಸ ಹಾಗೆ ಹಂಚಿಹೋಗುವುದು ಬಲು ಕಷ್ಟ.’

ಅಸಾಧ್ಯವೇ? 1990ರ ಸುಮಾರಿನಿಂದ ಪಂಡಿತರಲ್ಲಿ ವಾದ ನಡೆದಿದೆ. ಸರ್ನ್‌ನ ಸಿಎಂಎಸ್ ತಂಡ ಹುಡುಕಿ, ಕಾಣಲಿಲ್ಲವೆಂದು 2018ರಲ್ಲಿ ವರದಿ ಮಾಡಿತು. ಆದರೆ ವಿಶ್ವ ಹುಟ್ಟಿದ ಹೊಸತರ ಕಾವಿನಲ್ಲಿ ಎಳೆಯುವ ಕೈಗಳಿಗೆ ಬರವಿರಲಿಲ್ಲ. ಗುಡ್ಡ ದಾಟುವುದು ಆಗ ಸಾಮಾನ್ಯವಾಗಿತ್ತೆಂದು ಸಿದ್ಧಾಂತ ಹೇಳುತ್ತದೆ. ಪ್ರತಿವಸ್ತು ಅಳಿದು ವಸ್ತು ಉಳಿದದ್ದಕ್ಕೆ, ಎಂದರೆ ನಾವು ಇರುವುದಕ್ಕೆ, ಅದೂ ಒಂದು ಕಾರಣವಿರಬಹುದು.

ಮರುದಿನ ಪಾಠಕ್ಕೆ ಬಂದ ಪಕ್ಕದ ಮನೆಯ ಹುಡುಗನಿಗೆ ಅದೇ ನಿಯಮ ಬರೆಸಿದೆ. ‘ಎಂದೂ ತಪ್ಪದು’ ಎನ್ನುವ ಬದಲು ‘ತಪ್ಪಿದ್ದನ್ನು ಇದುವರೆಗೆ ಯಾರೂ ಕಂಡಿಲ್ಲ’ ಎಂದೆ. ಅವನು ತಲೆಯೆತ್ತಿ ‘ತಪ್ಪಬಹುದಾ ಸಾರ್?’ ಎಂದ.

ನಾನು ದಾರ ಹುಡುಕಲು ಒಳಗೆ ಹೋದೆ.