ಬ್ಯಾಕ್ಟೀರಿಯಾದ ಮನೆಯ ಹಿಸ್ಸೆ

ನಾನು ಓದುವುದು ಕಾಮರ್ಸ್. ಆದರೂ ಬ್ಯಾಕ್ಟೀರಿಯಾದ ಬಗ್ಗೆ ಬರೆಯಲು ಕಾರಣ ನಮ್ಮ ನಾನಿಯ ಲ್ಯಾಬ್ ರಿಪೋರ್ಟ್. ಮೂತ್ರದ ಸೋಂಕಿಗೆ ಮೊದಲು ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ನಾಟಲಿಲ್ಲ, ಜ್ವರ ಇಳಿಯಲಿಲ್ಲ. ಸ್ಯಾಂಪಲ್ ದಾವಣಗೆರೆಗೆ ಹೋಯಿತು. ಮೂರನೇ ದಿನ ಬಂದ ಹಾಳೆಯಲ್ಲಿ 'ಇ. ಕೋಲಿ' ಎಂದಿತ್ತು, ಸಿಪ್ರೊ ಎದುರಿಗೆ 'ಆರ್', ಅಂದರೆ ಅದಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಮಾತ್ರೆ ಬದಲಾಯಿತು, ನಾನಿ ಹುಷಾರಾದರು.

ಆ ಮೊದಲ ಮಾತ್ರೆ ಮಾಡಬೇಕಿದ್ದ ಕೆಲಸವೇನು ಎಂದು ಸೈನ್ಸ್ ಓದುವ ಖಾಲಾ ಮಗಳನ್ನು ಕೇಳಿದೆ. "ಹಿಸ್ಸಾ ಹೋನೇಚ್ ನೈ ದೇತಿ" ಎಂದಳು. ಪಾಲಾಗಲು ಬಿಡುವುದೇ ಇಲ್ಲವಂತೆ. ಹಿಸ್ಸೆ ಎಂದರೆ ಹೊಲ ಮನೆಯದು ಎಂದುಕೊಂಡಿದ್ದ ನನಗೆ ಕುತೂಹಲವಾಯಿತು.

ಒಂದು ಮಿಲಿಮೀಟರನ್ನು 500 ಭಾಗ ಮಾಡಿದರೆ ಸಿಗುವ ಒಂದು ಭಾಗದಷ್ಟು ಉದ್ದ ಈ ಇ. ಕೋಲಿ. ಒಳಗಿರುವ ಆಸ್ತಿ ಒಂದೇ ವರ್ಣತಂತು, ಉಂಗುರದ ಹಾಗೆ. ಅದರಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳು. ಬಿಡಿಸಿ ಹಿಡಿದರೆ ಒಂದೂವರೆ ಮಿಲಿಮೀಟರ್.

ಪಾಲುದಾರಿಕೆ ಮುರಿಯುವಾಗ ನಾವು ಮೊದಲು ಲೆಕ್ಕ ಮುಗಿಸಿ ಆಮೇಲೆ ಹಂಚುತ್ತೇವೆ. ನಮ್ಮ ಮೈಯ ಜೀವಕೋಶಗಳೂ ಹಾಗೇ: ಮೊದಲು ವರ್ಣತಂತುಗಳ ನಕಲು, ನಂತರ ದಾರದಂಥ ಎಳೆಗಳಿಂದ ಎರಡೂ ಕಡೆಗೆ ಎಳೆದು ಪಾಲು. ಬ್ಯಾಕ್ಟೀರಿಯಾದಲ್ಲಿ ಅಂಥ ಎಳೆಗಳೂ ಇಲ್ಲ, ಅಷ್ಟು ತಾಳ್ಮೆಯೂ ಇಲ್ಲ. ನಕಲಾಗುತ್ತಿರುವಾಗಲೇ ಆದಷ್ಟು ಭಾಗ ಆ ಕಡೆ ಈ ಕಡೆ ಸರಿಯತೊಡಗುತ್ತದೆ. ಪೂರ್ತಿ ನಕಲಿಗೆ ಸುಮಾರು 40 ನಿಮಿಷ ಬೇಕು; ಆದರೆ ಒಳ್ಳೆಯ ಆಹಾರ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಲೆಕ್ಕ ತಾಳೆಯಾಗುವುದಿಲ್ಲವಲ್ಲ ಎಂದು ನಾನು ಜಗಳ ತೆಗೆದೆ. ಆಗುತ್ತದೆ: ಒಂದು ನಕಲು ಮುಗಿಯುವ ಮುಂಚೆಯೇ ಮುಂದಿನದು ಶುರುವಾಗಿರುತ್ತದೆ. ಮಗಳು ಹುಟ್ಟುವಾಗಲೇ ಮೊಮ್ಮಗಳ ಪಾಲು ಅರ್ಧ ಬರೆದಾಗಿರುತ್ತದೆ!

ಈ ಗಡಿಬಿಡಿಯಲ್ಲಿ ಡಿಎನ್‌ಎಯನ್ನು ಅಚ್ಚುಕಟ್ಟಾಗಿ ಮಡಿಸಿಡುವ ಪ್ರೋಟೀನುಗಳ ಗುಂಪೊಂದಿದೆ, ಮುಕ್‌ಬಿಇಎಫ್. ಅದು ಕೆಟ್ಟರೆ ಕೆಲವು ಮರಿಕೋಶಗಳು ಡಿಎನ್‌ಎಯೇ ಇಲ್ಲದೆ, ಬರಿಗೈಯಲ್ಲಿ ಹುಟ್ಟುತ್ತವೆ. ಇದನ್ನು ಕಂಡ ಜಪಾನಿನ ವಿಜ್ಞಾನಿಗಳು, ಕೋಶಕೇಂದ್ರವಿಲ್ಲದ್ದು ಎಂಬ ಅರ್ಥದ 'ಮುಕಾಕು' ಪದದಿಂದಲೇ ಈ ಹೆಸರಿಟ್ಟರು. ಜೀವಂತ ಕೋಶದೊಳಗೆ ಈ ಪ್ರೋಟೀನುಗಳು ಹೇಗೆ ಕೂಡಿ ಕೆಲಸ ಮಾಡುತ್ತವೆಂದು 2012ರಲ್ಲಿ ತೋರಿಸಿದ ಆಕ್ಸ್‌ಫರ್ಡ್ ತಂಡದಲ್ಲಿ ಅಂಜನಾ ಬದ್ರಿನಾರಾಯಣನ್ ಇದ್ದರು. ಆಮೇಲೆ ಅವರು ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ತಮ್ಮದೇ ಲ್ಯಾಬ್ ಕಟ್ಟಿದರು. ಕೊಟ್ಟೂರಿನಿಂದ ಒಂದು ರಾತ್ರಿ ಬಸ್ಸಿನ ದೂರ, ಅಷ್ಟೇ.

ಕೊನೆಯ ತೊಡಕು ಬಾಕಿ ಇದೆ. ನಕಲು ಮುಗಿದಾಗ ಎರಡು ಉಂಗುರಗಳು ಸರಪಳಿಯ ಕೊಂಡಿಗಳಂತೆ ಸಿಕ್ಕಿಕೊಂಡಿರುತ್ತವೆ. ಟೋಪೋಐಸೋಮರೇಸ್ 4 ಎಂಬ ಕಿಣ್ವ ಒಂದನ್ನು ಕತ್ತರಿಸಿ, ಆ ಸಂದಿನಲ್ಲಿ ಇನ್ನೊಂದನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. ಸಿಪ್ರೊ ಹಿಡಿಯುವುದು ಇದನ್ನು ಮತ್ತು ಇದರ ಅಕ್ಕನಂತಿರುವ ಗೈರೇಸನ್ನು. ಕತ್ತರಿಸಿದ ಮೇಲೆ ಬೆಸೆಯಲು ಬಿಡುವುದಿಲ್ಲ, ಕೋಶ ಸಾಯುತ್ತದೆ. ಆದರೆ ಗೈರೇಸಿನ ಜೀನಿನಲ್ಲಿ ಒಂದೆರಡು ಅಕ್ಷರ ಬದಲಾದರೂ ಮಾತ್ರೆಗೆ ಹಿಡಿತ ತಪ್ಪುತ್ತದೆ. ಹಿಸ್ಸೆಯಾಗುವಾಗ ಆ ಬದಲಾದ ಅಕ್ಷರವೂ ಎರಡೂ ಮರಿಗಳಿಗೆ ಸಮನಾಗಿ ಹೋಗುತ್ತದೆ.