ಗೋಜಿ ಹಣ್ಣೂ ಗಣಿಕೆಯ ತಂಬುಳಿಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತೆರಡು ವರುಷ ಸಂಸ್ಕೃತವನ್ನು ಬೋಧಿಸಿ ನಿವೃತ್ತನಾದವನು ನಾನು. ಪಾಠ ಹೇಳುವ ಚಾಳಿ ಮಾತ್ರ ನಿವೃತ್ತವಾಗಲಿಲ್ಲ. ಕೇಳಲು ಮಕ್ಕಳಿಲ್ಲದ ಮೇಲೆ ಮನೆಯವರೇ ಶಿಷ್ಯರಾದರು. ಈ ಚಾಳಿಯ ದೆಸೆಯಿಂದ ಕಳೆದ ವರುಷ ನಮ್ಮ ಅಕ್ಕನ ಪ್ರಾಣಕ್ಕೇ ಸಂಚಕಾರ ಬಂದಿದ್ದಿತು. ಅದನ್ನು ಮುಚ್ಚಿಡದೆ ಬರೆಯುವುದೇ ಯುಕ್ತವೆಂದು ತೋರಿ ಲೇಖನಿಯನ್ನು ಹಿಡಿದಿದ್ದೇನೆ.

ಯುಗಾದಿಗೆ ಊರಿಗೆ ಬಂದ ಮಗಳು ಸಿಂಗಾಪುರದಿಂದ ಒಂದು ಪೊಟ್ಟಣವನ್ನು ತಂದಿದ್ದಳು. ಒಳಗೆ ಒಣದ್ರಾಕ್ಷಿಗಿಂತ ಸಣ್ಣವಾದ, ಸುಕ್ಕುಗಟ್ಟಿದ ಕೆಂಪು ಹಣ್ಣುಗಳು. ಅಂಗಡಿಯವರು ಇದಕ್ಕೆ ಗೋಜಿ ಎನ್ನುತ್ತಾರಂತೆ. ಚೀನೀಯರ ಬಾಯಲ್ಲಿ ಗೌಚಿ. ಚೀನಾದ ವಾಯವ್ಯಕ್ಕಿರುವ ನಿಂಗ್‌ಶಿಯಾ ಸೀಮೆಯದು ಶ್ರೇಷ್ಠವೆಂದು ಹೆಸರು. ಮಗಳಿರುವ ಮನೆಯ ಒಡತಿ ಒಬ್ಬ ಚೀನೀ ಮುದುಕಿ. ಆಕೆ ಬೆಳಗಿನ ಅಕ್ಕಿಗಂಜಿಗೆ ಈ ಹಣ್ಣನ್ನೂ, ನಮ್ಮ ಎಲಚಿಯ ಜಾತಿಗೇ ಸೇರಿದ ದೊಡ್ಡದೊಂದು ಕೆಂಪು ಹಣ್ಣನ್ನೂ ಹಾಕುವಳು. ಸಂಜೆ ಒಣ ಸೇವಂತಿಗೆ ಹೂವಿನೊಡನೆ ಬಿಸಿನೀರಿನಲ್ಲಿ ನೆನೆಯಿಸಿ ಕುಡಿಯುವಳು. ಯಕೃತ್ತಿಗೆ ಬಲ, ಮೂತ್ರಪಿಂಡಕ್ಕೆ ಪುಷ್ಟಿ, ಕಣ್ಣಿಗೆ ಬೆಳಕು, ಇದು ಆ ದೇಶದ ವೈದ್ಯದ ಮತ. ಶೆನ್‌ನೊಂಗನ ಹೆಸರಿನಲ್ಲಿ ಪ್ರಸಿದ್ಧವಾದ ಅವರ ಪ್ರಾಚೀನ ನಿಘಂಟು 365 ಔಷಧಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿ, ಬಹುಕಾಲ ಸೇವಿಸಬಹುದಾದ ಉತ್ತಮ ವರ್ಗದಲ್ಲಿ ಇದನ್ನು ಇರಿಸಿದೆ. 1596ರಲ್ಲಿ ಅಚ್ಚಾದ ಲೀ ಶೀಚೆನ್ ಎಂಬ ವೈದ್ಯನ ಮಹಾಗ್ರಂಥದಲ್ಲಿಯೂ ಇದರ ಪ್ರಸ್ತಾವವುಂಟು.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ? ಈ ಗಿಡ ಬದನೆಯ ಕುಟುಂಬದ್ದೆಂದು ಓದಿ ತಿಳಿದೆನು. ನಮ್ಮ ಹಿತ್ತಿಲಲ್ಲಿ ತಾನೇ ತಾನಾಗಿ ಹುಟ್ಟುವ ಗಣಿಕೆಯೂ ಅದೇ ಕುಟುಂಬದ್ದು. ಕೆಲವೆಡೆ ಅದಕ್ಕೆ ಕಾಕಿಸೊಪ್ಪು ಎನ್ನುವರು, ಸಂಸ್ಕೃತದಲ್ಲಿ ಕಾಕಮಾಚಿ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಸೊಪ್ಪುಗಳ ಗುಣವನ್ನು ಹೇಳುವಾಗ ಕಾಕಮಾಚಿಯು ತ್ರಿದೋಷಗಳನ್ನೂ ಶಮನಮಾಡುವುದೆಂದೂ ರಸಾಯನವೆಂದೂ ಹೊಗಳಿದೆ. ಅಶ್ವಗಂಧವೂ ಇದೇ ಬಳಗ. ಚೀನೀಯರ ಉತ್ತಮ ವರ್ಗ, ನಮ್ಮವರ ರಸಾಯನ, ಎರಡೂ ಒಂದೇ ಮನೆತನದವು! ನನ್ನ ಸಂತೋಷಕ್ಕೆ ಪಾರವಿಲ್ಲ. ಹೊಗೆಸೊಪ್ಪೂ ಅದೇ ಮನೆತನದ ಕೂಸೆಂಬುದು ಆಗ ನೆನಪಿಗೆ ಬರಲಿಲ್ಲ.

ಅಡುಗೆಯ ಪ್ರಯೋಗಗಳು ಆರಂಭವಾದುವು. ನುಚ್ಚಕ್ಕಿಯ ಗಂಜಿಯನ್ನು ಶುಂಠಿಯ ಚೂರಿನೊಡನೆ ಬೇಯಿಸಿ, ಇಳಿಸುವುದಕ್ಕೆ ಐದು ನಿಮಿಷ ಮುಂಚೆ ತೊಳೆದ ಹಣ್ಣು ಎರಡು ಚಮಚ ಹಾಕಿದರೆ ಹಣ್ಣು ಉಬ್ಬಿಕೊಂಡು ಗಂಜಿಗೆ ಸಣ್ಣ ಸಿಹಿ ಬರುತ್ತದೆ. ಮೊದಲೇ ಹಾಕಿದರೆ ಕರಗಿ ಹುಳಿಯಾಗುವುದು. ಹೆಸರುಬೇಳೆಯ ಪಾಯಸಕ್ಕೆ ದ್ರಾಕ್ಷಿಯ ಬದಲು ಹಾಕಿದುದು ಎಲ್ಲಕ್ಕಿಂತ ಚೆನ್ನಾಗಿದ್ದಿತು. ನನ್ನ ಹಟಕ್ಕೆ ಮನೆಯಾಕೆ ಅದರದೇ ತಂಬುಳಿಯನ್ನೂ ಮಾಡಿದಳು. ಅದು ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ಕಿತ್ತಳೆಬಣ್ಣದ ಮಜ್ಜಿಗೆಯಾಯಿತು. “ಹಿತ್ತಿಲಲ್ಲಿ ಗಣಿಕೆ ಇರುವಾಗ ಇದೆಲ್ಲ ಏಕೆ ಅಂದ್ರೆ?” ಎಂದು ಲೋಟವನ್ನು ನನ್ನ ಮುಂದೆಯೇ ಸರಿಸಿದಳು.

ಆಕೆಯ ಗಣಿಕೆ ತಂಬುಳಿಯ ಮಾತು ಬೇರೆ. ಎಳೆಯ ಸೊಪ್ಪನ್ನು ಆಗತಾನೆ ಕುಯ್ದು ತೊಳೆದು, ಜೀರಿಗೆ, ನಾಲ್ಕು ಕಾಳು ಮೆಣಸಿನೊಡನೆ ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ, ಆರಿದ ಬಳಿಕ ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಹುಳಿಯಾಗದ ಮಜ್ಜಿಗೆಯಲ್ಲಿ ಕದಡಿ, ಸಾಸಿವೆಯ ಒಗ್ಗರಣೆ ಕೊಡುವುದು. ಕಲಸಿದ ಮೇಲೆ ಕುದಿಸಬಾರದು. ಬಾಯಿಹುಣ್ಣಿಗೆ ನಮ್ಮ ಸೀಮೆಯಲ್ಲಿ ಇದೇ ಮೊದಲ ಮದ್ದು. ಕಪ್ಪಗೆ ಮಾಗಿದ ಹಣ್ಣನ್ನು ಮಕ್ಕಳು ಕಿತ್ತು ತಿನ್ನುವುದುಂಟು. ಹಸುರು ಕಾಯಿ ಮಾತ್ರ ವಿಷ, ಅದನ್ನು ತಿನ್ನಗೊಡಬಾರದು.

ಅಕ್ಕನ ಮನೆ ಶೃಂಗೇರಿಯ ಸಮೀಪ, ತುಂಗೆಯ ದಡದ ಒಂದು ಹಳ್ಳಿಯಲ್ಲಿ. ಆಕೆಗೆ ಎಪ್ಪತ್ತರ ಹತ್ತಿರ ಹತ್ತಿರ. ಚಿಕ್ಕಂದಿನ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿದ್ದಿತು. 2009ರಲ್ಲಿ ಲೋಹದ ಕವಾಟವನ್ನು ಇರಿಸಿದರು. ಅಂದಿನಿಂದ ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಗುಳಿಗೆಯನ್ನು ದಿನವೂ ನುಂಗುತ್ತಾಳೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಐ.ಎನ್.ಆರ್. ಎಂಬ ಸಂಖ್ಯೆಯಲ್ಲಿ ಹೇಳುವರು. ಗುಳಿಗೆ ನುಂಗದವರಲ್ಲಿ ಅದು ಸುಮಾರು 1. ಅಕ್ಕನಿಗೆ ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕು. ಕಡಮೆಯಾದರೆ ಕವಾಟದಲ್ಲಿ ಹೆಪ್ಪು, ಹೆಚ್ಚಿದರೆ ರಕ್ತಸ್ರಾವ.

ವೈಶಾಖದಲ್ಲಿ ಹೋದಾಗ ಆಕೆ, “ಕಣ್ಣು ಮಂಜಾಗ್ತಾ ಇದೆ ಕಣೋ ತಮ್ಮ, ಪಂಚಾಂಗದ ಅಕ್ಷರ ಕಾಣುವುದಿಲ್ಲ” ಎಂದಳು. ನನಗೆ ಅಷ್ಟೇ ಸಾಕಾಯಿತು. ಮುಂದಿನ ವಾರವೇ ಉಳಿದಿದ್ದ ಪೊಟ್ಟಣದೊಡನೆ ಹರಿಹರಪುರದ ಮಾರ್ಗವಾಗಿ ಬಸ್ಸಿನಲ್ಲಿ ಹೋಗಿ, ಚರಕನನ್ನೂ ಶೆನ್‌ನೊಂಗನನ್ನೂ ಸಾಕ್ಷಿಗೆ ಕರೆದು, ಬೆಳಿಗ್ಗೆ ಗಂಜಿಯಲ್ಲಿ, ರಾತ್ರಿ ಕಷಾಯವಾಗಿ ಕೊಡಬೇಕೆಂದು ಅಕ್ಕನ ಸೊಸೆಗೆ ವಿಧಿಸಿದೆನು.

“ಡಾಕ್ಟರನ್ನು ಒಂದು ಮಾತು ಕೇಳಬೇಡವೇನೋ?” ಎಂದಳು ಅಕ್ಕ.

“ಹಣ್ಣು ತಿನ್ನುವುದಕ್ಕೂ ಡಾಕ್ಟರ ಅಪ್ಪಣೆಯೇ?” ಎಂದು ನಾನು ನಕ್ಕೆನು. ಆ ನಗುವನ್ನು ಈಗ ನೆನೆದರೆ ಅನ್ನ ಸೇರುವುದಿಲ್ಲ.

ಐದನೆಯ ವಾರ, ಆಷಾಢದ ಮಳೆ ಜಡಿಯುತ್ತಿದ್ದ ಒಂದು ರಾತ್ರಿ ಅಕ್ಕನ ಮೂಗಿನಿಂದ ರಕ್ತ ಸುರಿಯತೊಡಗಿತು. ಒಂದು ಗಂಟೆಯಾದರೂ ನಿಲ್ಲಲಿಲ್ಲ. ತೋಳುಗಳಲ್ಲಿ ನೇರಿಳೆಬಣ್ಣದ ಕಲೆಗಳು ನಾಲ್ಕು ದಿನದಿಂದ ಇದ್ದುವಂತೆ; ಕಟ್ಟಿಗೆ ತಗಲಿರಬೇಕೆಂದು ಸುಮ್ಮನಿದ್ದಳಂತೆ. ಬಾಡಿಗೆ ಕಾರಿನಲ್ಲಿ ಆಗುಂಬೆಯ ಘಟ್ಟವಿಳಿದು ಕರಾವಳಿಯ ಆಸ್ಪತ್ರೆಗೆ ಕರೆದೊಯ್ದರು. ಸುದ್ದಿ ಬಂದೊಡನೆ ನಾನೂ ಹೊರಟು ಬೆಳಗಾಗುವ ವೇಳೆಗೆ ತಲಪಿದೆನು. ಐ.ಎನ್.ಆರ್. ಏಳನ್ನು ದಾಟಿದ್ದಿತು.

ತರುಣ ವೈದ್ಯರು ಬಂದು, “ಈಚೆಗೆ ಊಟದಲ್ಲಿ ಹೊಸದೇನಾದರೂ ಸೇರಿಸಿದಿರಾ?” ಎಂದು ಕೇಳಿದರು. ನನಗೆ ಉತ್ತರ ಹೊಳೆದಿದ್ದಿತು. ಹೊಳೆದರೂ ಬಾಯಿ ತೆರೆಯಲಿಲ್ಲ. ಎಷ್ಟೋ ಹುಡುಗರನ್ನು ತಪ್ಪೊಪ್ಪಿಕೊಳ್ಳಲಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದವನು ನಾನು! ಅರೆಗಳಿಗೆ ಕಳೆದ ಮೇಲೆ ಅಕ್ಕನ ಸೊಸೆ ಮೆಲ್ಲನೆ, “ಮಾವ ಕೊಟ್ಟ ಕೆಂಪು ಹಣ್ಣು” ಎಂದಳು. ವೈದ್ಯರು ಗದರಲಿಲ್ಲ, ಗದರಿದ್ದರೆ ಲೇಸಾಗುತ್ತಿದ್ದಿತು. ಗುಳಿಗೆಯನ್ನು ಕೆಲವು ದಿನ ತಡೆದು, ಕೆ ಜೀವಸತ್ವವನ್ನು ಕೊಟ್ಟರು. ಆರನೆಯ ದಿನ ಅಕ್ಕ ಮನೆಗೆ ಬಂದಳು. ಕಣ್ಣು ಮಂಜಾಗಿದ್ದುದು ಪೊರೆಯಿಂದಲೆಂದು ಅಲ್ಲಿಯೇ ಗೊತ್ತಾಯಿತು. ಗೋಜಿಯಲ್ಲಿ ಅಕ್ಷಿಪಟಕ್ಕೆ ಬೇಕಾದ ಹಳದಿ ವರ್ಣದ್ರವ್ಯ ಹೇರಳವಾಗಿರುವುದು ನಿಜ. ಬೆಳೆದ ಪೊರೆಯನ್ನು ಅದು ಕರಗಿಸಲಾರದು.

ಆಮೇಲೆ ಹುಡುಕಿ ಓದಿದೆನು. 2001ರಲ್ಲಿಯೇ ಅಮೆರಿಕದ ಔಷಧಶಾಸ್ತ್ರದ ಪತ್ರಿಕೆಯೊಂದರಲ್ಲಿ ಅರವತ್ತೊಂದು ವರುಷದ ಚೀನೀ ಹೆಂಗಸೊಬ್ಬಳ ವೃತ್ತಾಂತ ಪ್ರಕಟವಾಗಿದ್ದಿತು. ವಾರ್ಫರಿನ್ ಸೇವಿಸುತ್ತಿದ್ದ ಆಕೆ ದಿನಕ್ಕೆ ಮೂರು ನಾಲ್ಕು ಲೋಟ ಗೋಜಿಯ ಕಷಾಯವನ್ನು ಕುಡಿದು, ಐ.ಎನ್.ಆರ್. 4.1ಕ್ಕೆ ಏರಿದ್ದಿತಂತೆ. ವಾರ್ಫರಿನ್ನಿನ ಹುಟ್ಟೂ ವಿಚಿತ್ರವಾದುದು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಸಲು ಹಿಡಿದ ಒಂದು ಜಾತಿಯ ಒಣಮೇವನ್ನು ತಿಂದು ರಕ್ತ ಸೋರಿ ಸಾಯುತ್ತಿದ್ದುವು. ಕೆಡದ ಮೇವಿನಿಂದ ಬಾಧೆಯಿರಲಿಲ್ಲ. ಆ ಕೆಟ್ಟ ಮೇವಿನ ಸಾರವನ್ನು ಶೋಧಿಸಿದುದರಿಂದಲೇ 1948ರಲ್ಲಿ ಇಲಿಯ ಪಾಷಾಣವೂ, 1954ರಲ್ಲಿ ಅದೇ ಮನುಷ್ಯರ ಔಷಧವೂ ಆಯಿತು.

ಇದನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಏನೋ ಚುಚ್ಚಿದಂತಾಗಿ ಚರಕವನ್ನು ಮತ್ತೆ ತೆರೆದೆನು. ನಾನು ಎಲ್ಲರಿಗೂ ಒಪ್ಪಿಸುತ್ತಿದ್ದ ಹೊಗಳಿಕೆ 27ನೆಯ ಅಧ್ಯಾಯದಲ್ಲಿ. ಅದರ ಹಿಂದಿನ 26ನೆಯ ಅಧ್ಯಾಯದಲ್ಲಿ, ವಿರುದ್ಧಾಹಾರಗಳ ಪಟ್ಟಿಯಲ್ಲಿ, ತಂಗಳಾದ ಕಾಕಮಾಚಿಯೂ ಎಣಿಕೆಯಾಗಿದೆ. ಹೊಗಳಿದ ಋಷಿಯೇ ಮೊದಲು ಎಚ್ಚರಿಕೆಯನ್ನು ಹೇಳಿ ಮುಗಿಸಿದ್ದಾನೆ. ಆ ಪುಟದ ಅಂಚಿನಲ್ಲಿ ನನ್ನದೇ ಕೈಬರಹದ ಗುರುತಿದೆ. ಹಾಗಾದರೆ ಒಮ್ಮೆ ಓದಿಯೇ ಇದ್ದೆನು.

ಈ ಸಂಗತಿಯನ್ನು ಅಕ್ಕನಿಗೆ ಹೇಳಿದೆನು. ಆಕೆ ಬಹಳ ಹೊತ್ತು ನಕ್ಕು, “ಆ ಹಣ್ಣು ಇನ್ನೂ ಉಳಿದಿದ್ದರೆ ನೀನು ತಿನ್ನೋ ತಮ್ಮ. ಕಣ್ಣು ಕಾಣದವನು ನೀನೇ” ಎಂದಳು.

ಪೊರೆಯ ಶಸ್ತ್ರಕ್ರಿಯೆ ದೀಪಾವಳಿಯ ತರುವಾಯ ಸುಸೂತ್ರವಾಗಿ ನಡೆಯಿತು. ಹಸುರು ಸೊಪ್ಪಿನಲ್ಲಿರುವ ಕೆ ಜೀವಸತ್ವ ಗುಳಿಗೆಯ ಬಲವನ್ನು ಕುಗ್ಗಿಸುವುದಂತೆ. ಆದುದರಿಂದ ಸೊಪ್ಪನ್ನು ಬಿಡಬೇಕಾಗಿಲ್ಲ, ಒಂದು ವಾರ ರಾಶಿ, ಒಂದು ವಾರ ಸೊನ್ನೆ ಎಂಬಂತಾಗದೆ ಸಮನಾಗಿರಲಿ ಎಂಬುದು ವೈದ್ಯರ ಮಾತು. ಅವರನ್ನು ಕೇಳಿಯೇ ಅಕ್ಕನ ಮನೆಯಲ್ಲಿ ಮಂಗಳವಾರ ಶುಕ್ರವಾರ ಒಂದೊಂದು ಸೌಟು ಗಣಿಕೆ ತಂಬುಳಿ ಗೊತ್ತಾಗಿದೆ. ಸೊಸೆ ಅದನ್ನೂ ರಕ್ತಪರೀಕ್ಷೆಯ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಮಿಕ್ಕ ಗೋಜಿಯನ್ನು ನಾವಿಬ್ಬರೂ ಪಾಯಸಕ್ಕೆ ಹಾಕಿ ಮುಗಿಸಿದೆವು. ಅದಕ್ಕೆ ಮುಂಚೆ ಮನೆಯಾಕೆ ನನ್ನ ರಕ್ತದೊತ್ತಡದ ಗುಳಿಗೆಯ ಚೀಟಿಯನ್ನು ಹಿಡಿದು ಬಸ್‌ನಿಲ್ದಾಣದ ಬಳಿಯ ವೈದ್ಯರಲ್ಲಿಗೆ ತಾನೇ ಹೋಗಿ ಕೇಳಿಕೊಂಡು ಬಂದಳು.